ಪಾನಾ ಮಗಳ ಕೈಯಲ್ಲಿ, ಟಾರ್ಚು ನನ್ನ ಕೈಯಲ್ಲಿ: ನಮ್ಮ ಯೆಜ್ಡಿ ಎದ್ದ ಬಗೆ

ಸಕಲೇಶಪುರ ಸುತ್ತಮುತ್ತ ಹಳೇ ಗಾಡಿ ಎಬ್ಬಿಸುವ ಹುಚ್ಚಿರುವ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ. ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಂಡು ಶುರುಮಾಡಿದವರೂ ಇದ್ದಾರೆ. ಅಂಥ ಗಾಡಿಗಳಲ್ಲಿ ಹೆಚ್ಚಿನವು ಈಗಲೂ ಶೆಡ್ಡಿನಲ್ಲಿ ಬಿಚ್ಚಿದ ಹಾಗೇ ಬಿದ್ದಿವೆ, ಇಲ್ಲದಿದ್ದರೆ ಅಪ್ಪ ಒಬ್ಬನೇ ಕೂತು ಮುಗಿಸಿದ್ದಾನೆ. ನಾನು ನೋಡಿದಂತೆ ಕಾರಣ ಒಂದೇ. ಅಪ್ಪ ಪಾನಾ ಹಿಡಿದು ಮಕ್ಕಳ ಕೈಗೆ ಟಾರ್ಚು ಕೊಡುತ್ತಾನೆ. ಹದಿನೈದು ವರ್ಷದ ಮಕ್ಕಳು ಟಾರ್ಚು ಹಿಡಿದು ಎಷ್ಟು ಹೊತ್ತು ನಿಂತಾರು? ಒಂದೆರಡು ಭಾನುವಾರ ನಿಲ್ಲುತ್ತಾರೆ, ಆಮೇಲೆ ಟ್ಯೂಷನ್ ಇದೆ ಅನ್ನುತ್ತಾರೆ.

ನಮ್ಮ ಹಳೇ ಯೆಜ್ಡಿ ಬೈಕಿನ ವಿಷಯದಲ್ಲಿ ನಾನು ಉಲ್ಟಾ ಮಾಡಿದೆ. ಮಗಳೇ ಮೇಸ್ತ್ರಿ, ನಾನು ಹೆಲ್ಪರ್. ಅವಳು ಕೇಳದೆ ನಾನು ಪಾನಾ ಮುಟ್ಟುವಂತಿಲ್ಲ. ತಿಂಗಳಿಗೆ ಮೂರೂವರೆ, ನಾಲ್ಕು ಸಾವಿರ ಅವಳ ಕೈಗೆ. ಅದಕ್ಕೆ ಪುಸ್ತಕ ಅವಳದೇ, ಯಾವ ಸಾಮಾನು ಮೊದಲು ತರಬೇಕು ಅನ್ನೋ ತೀರ್ಮಾನವೂ ಅವಳದೇ. ಏನಾದರೂ ಮುರಿದರೆ ಬೈಗುಳ ಇಲ್ಲ, ಪುಸ್ತಕದಲ್ಲಿ ಬರೆಯಬೇಕು, ಅಷ್ಟೆ. ಇದನ್ನು ಕೇಳಿ ನಮ್ಮ ಭಾವ, ‘ಹಂಗಾದ್ರೆ ಈಗಲೇ ಗುಜರಿಗೆ ಹಾಕ್ಬಿಡಿ, ಆಟೋ ಬಾಡಿಗೆನಾದ್ರೂ ಉಳಿಯುತ್ತೆ’ ಅಂದರು. ನಲವತ್ತು ವರ್ಷದಿಂದ ಜಾವಾ ಯೆಜ್ಡಿ ಬಿಚ್ಚುತ್ತಿರುವ ಒಬ್ಬ ಹಿರಿಯ ಮೇಸ್ತ್ರಿ, ‘ಮೊದಲು ಎಸ್ಸೆಸ್ಸೆಲ್ಸಿ ಮುಗಿಸ್ಲಿ ಸಾರ್, ಎಂಜಿನ್ ಎಲ್ಲಿಗೂ ಓಡಿ ಹೋಗಲ್ಲ’ ಅಂದರು. ಈಗ ಅದೇ ಗಾಡಿ ದಿನಾ ಬೆಳಿಗ್ಗೆ ಎರಡನೇ ಕಿಕ್ಕಿಗೆ ಎದ್ದೇಳುತ್ತೆ. ಅದಕ್ಕೇ ಇದನ್ನು ಬರೆಯುತ್ತಿರೋದು.

ಗಾಡಿ 1981ರ ಯೆಜ್ಡಿ 250. ಹಾನುಬಾಳು ಕಡೆಯ ಒಂದು ತೋಟದ ಗೊಬ್ಬರದ ಗೋಡೌನಿನಲ್ಲಿ ಹದಿನೈದು ವರ್ಷಕ್ಕೂ ಮೇಲೆ ನಿಂತಿತ್ತು. ರಸಗೊಬ್ಬರದ ಚೀಲದ ಪಕ್ಕ ನಿಂತ ಕಬ್ಬಿಣದ ಗತಿ ನಿಮಗೆ ಗೊತ್ತೇ ಇದೆ. ಗಾಡಿಗೆ ಕೊಟ್ಟದ್ದು 18 ಸಾವಿರ. ಜಾಸ್ತಿ ಅಂತ ಎಲ್ಲರೂ ಅಂದರು. ಆದರೆ ಆರ್‌ಸಿ ಮೂಲದ್ದೇ ಇತ್ತು, ಚಾಸಿ ನಂಬರೂ ಎಂಜಿನ್ ನಂಬರೂ ತಾಳೆ ಆಗುತ್ತಿದ್ದವು, ಸಹಿ ಹಾಕಲು ಮನೆಯವರು ತಯಾರಿದ್ದರು. ಎಂಟು ಸಾವಿರಕ್ಕೆ ಸಿಗುವ ಕಾಗದವಿಲ್ಲದ ಗಾಡಿಗಿಂತ ಇದು ಅಗ್ಗ ಅಂತ ಈಗಲೂ ಹೇಳುತ್ತೇನೆ. ವಿಂಟೇಜ್ ಅಂತ ಮಾಡಿಸಿಬಿಡಿ ಅನ್ನುವವರು ಒಂದು ವಿಷಯ ನೆನಪಿಡಿ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಮಾತ್ರ ಆ ‘ವಿಎ’ ನಂಬರು, ಶುಲ್ಕ 20 ಸಾವಿರ, ಮೇಲಾಗಿ ದಿನನಿತ್ಯ ಓಡಿಸುವಂತಿಲ್ಲ. ನಮ್ಮಂಥ ಗಾಡಿಗೆ ಐದೈದು ವರ್ಷದ ಆರ್‌ಸಿ ನವೀಕರಣವೇ ದಾರಿ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳಲ್ಲ. ಮೊಬೈಲಿನಲ್ಲಿ ಫೋಟೊ, ಬೋಲ್ಟಿಗೊಂದು ಕವರು, ಕವರಿನ ಮೇಲೆ ಬರಹ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನ. ಒಂದು ವಿಷಯದಲ್ಲಿ ಮಾತ್ರ ನಾನು ಅಡ್ಡ ನಿಂತೆ. ಹಳೇ ಬ್ರೇಕ್ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತೆ. ಡ್ರಮ್ ಬಿಚ್ಚಿದ ತಕ್ಷಣ ಗಾಳಿ ಹೊಡೆಯಲು ಬಿಡಲಿಲ್ಲ. ಸೋಪಿನ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಕಟ್ಟಿ ಎಸೆದೆವು. ಮಕ್ಕಳ ಜೊತೆ ಕೆಲಸ ಮಾಡುವವರು ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪಿಸ್ಟನ್ ಬ್ಯಾರಲ್ಲಿನ ಬೋರಿನಲ್ಲಿ, ಅಂದರೆ ಅದು ಓಡಾಡುವ ಕೊಳವೆಯಲ್ಲಿ, ಕಚ್ಚಿಕೊಂಡಿತ್ತು. ಡೀಸೆಲ್, ಸೀಮೆಎಣ್ಣೆ, ಪೇಟೆಯಲ್ಲಿ ಸಿಗುವ ಸ್ಪ್ರೇ ಎಲ್ಲಾ ಆಯಿತು, ವಾರಗಟ್ಟಲೆ. ಜಗ್ಗಲಿಲ್ಲ. ಸುತ್ತಿಗೆ ಕೊಡಿ ಅಂತ ಬಂದವರೆಲ್ಲ ಕೇಳಿದರು. ಮಗಳು ಕೊಡಲಿಲ್ಲ. ಬ್ಯಾರಲ್ ಬೀಡು, ಪಿಸ್ಟನ್ ಅಲ್ಯೂಮಿನಿಯಂ, ಬಿಸಿಗೆ ಎರಡೂ ಒಂದೇ ಸಮ ಹಿಗ್ಗಲ್ಲ ಅಂತ ವಿಜ್ಞಾನದ ಪಾಠದಲ್ಲಿ ಓದಿದ್ದಳಂತೆ. ಬಚ್ಚಲ ಒಲೆಯ ಹಂಡೆಗೆ ಬ್ಯಾರಲ್ ಇಳಿಸಿ ಕುದಿಸೋದು, ತೆಗೆದು ಎಣ್ಣೆ ಬಿಟ್ಟು ತಣ್ಣಗಾಗಲು ಇಡೋದು, ಮತ್ತೆ ಕುದಿಸೋದು. ಹಿಗ್ಗಿ ಕುಗ್ಗುವಾಗ ಎಣ್ಣೆ ಸಂದಿಗೆ ಇಳಿಯುತ್ತೆ. ಆ ಎಣ್ಣೆಯಲ್ಲಿ ಏನೇನು ಬೆರೆಸಿದ್ದೆವು ಅನ್ನೋದು ನಮ್ಮಿಬ್ಬರ ನಡುವೆಯೇ ಇರಲಿ, ಅವಳು ಹೇಳಕೂಡದು ಅಂದಿದ್ದಾಳೆ. ಕೊನೆಗೆ ಸಾಗುವಾನಿ ತುಂಡು ಇಟ್ಟು ತಟ್ಟಿದಾಗ ಸರಕ್ಕನೆ ಇಳಿಯಿತು. ಬೋರಿನಲ್ಲಿ ಗೀರು ಬಿದ್ದಿತ್ತು, ಹಾಸನದಲ್ಲಿ ಅದನ್ನು 0.50 ಮಿ.ಮೀ. ದೊಡ್ಡದಾಗಿ ಬೋರು ಹೊಡೆಸಿದೆವು. ಬ್ಯಾರಲ್ ಉಳಿದದ್ದೇ ದೊಡ್ಡ ಲಾಭ, ಒಳ್ಳೇ ಬ್ಯಾರಲ್ಲಿಗೆ ಈಗ ಕೇಳುವ ರೇಟು ಕೇಳಿದರೆ ಎದೆ ಒಡೆಯುತ್ತೆ.

ತುಕ್ಕಿನ ಕಥೆ ಬೇರೆ. ಆ್ಯಸಿಡ್ ಮನೆಗೆ ತರಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಕಲಸಿದ ನೀರು ತುಕ್ಕು ತಿನ್ನುತ್ತೆ ಅಂತ ಕೇಳಿದ್ದೆ, ಆದರೆ ಕಾಕಂಬಿ ಚಿಲ್ಲರೆಯಾಗಿ ಎಲ್ಲಿ ಸಿಗಬೇಕು? ಹೊಳೆನರಸೀಪುರ ಕಡೆಯ ಆಲೆಮನೆಯಿಂದ ನೀರಾಡಿ ಕಪ್ಪಾದ, ಮಾರಾಟಕ್ಕೆ ಬಾರದ ಬೆಲ್ಲ ತಂದೆವು. ಕಿಲೋಗೆ ಹದಿನೈದೋ ಇಪ್ಪತ್ತೋ ಕೊಟ್ಟ ನೆನಪು. ಒಂದು ಪಾಲು ಬೆಲ್ಲಕ್ಕೆ ಎಂಟೊಂಬತ್ತು ಪಾಲು ನೀರು, ದೊಡ್ಡ ನೀಲಿ ಡ್ರಮ್ಮು. ಮಡ್‌ಗಾರ್ಡಿನ ತುಂಡು, ಸ್ಟ್ಯಾಂಡು, ಬೋಲ್ಟು ಎಲ್ಲಾ ಒಳಗೆ. ಸುಮಾರು ಎರಡು ವಾರಕ್ಕೆ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಕೊಂಡಿತು, ಒಳ್ಳೇ ಕಬ್ಬಿಣಕ್ಕೆ ಏನೂ ಆಗಲಿಲ್ಲ. ವಾಸನೆ ಮಾತ್ರ ಭಯಂಕರ, ನೊಣ, ಜೇನು, ಇರುವೆ. ಮನೆಯವಳು ಡ್ರಮ್ಮನ್ನು ಕೊಟ್ಟಿಗೆಯ ಆಚೆಗೆ ಹಾಕಿಸಿದಳು. ಅಲ್ಯೂಮಿನಿಯಂ ಸಾಮಾನು ಇದಕ್ಕೆ ಹಾಕಲೇಬೇಡಿ, ಗುಳಿ ಬೀಳುತ್ತೆ.

ಟ್ಯಾಂಕಿನ ಒಳಗೆ ಬೆಲ್ಲದ ನೀರು ಅಷ್ಟು ಚೆನ್ನಾಗಿ ಹಿಡಿಯಲಿಲ್ಲ. ಅದಕ್ಕೆ ವಾಷಿಂಗ್ ಸೋಡಾ ನೀರು ತುಂಬಿ, ನಡುವೆ ಕಬ್ಬಿಣದ ಕಂಬಿ ಟ್ಯಾಂಕಿಗೆ ತಾಗದಂತೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನಿಂದ ಕಂಬಿಗೆ ಪ್ಲಸ್ಸು, ಟ್ಯಾಂಕಿಗೆ ಮೈನಸ್ಸು ಕೊಟ್ಟು ಕರೆಂಟಿನಿಂದಲೇ ತುಕ್ಕು ಬಿಡಿಸಿದೆವು. ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ, ಚಾರ್ಜರಿಗೆ ಬರವಿಲ್ಲ. ಹೊಳೆಯುತ್ತೆ ಅಂತ ಸ್ಟೇನ್‌ಲೆಸ್ ಕಂಬಿ ಹಾಕಬೇಡಿ, ಅದರಿಂದ ಕ್ರೋಮಿಯಂ ವಿಷ ನೀರಿಗೆ ಬಿಡುತ್ತೆ. ಮೇಲೇಳುವ ಗುಳ್ಳೆ ಹೈಡ್ರೋಜನ್, ಬಯಲಲ್ಲೇ ಮಾಡಿ, ಬೀಡಿ ದೂರ ಇರಲಿ.

ಇದರ ನಡುವೆ ಮಗಳದ್ದೇ ಒಂದು ಪ್ರಯೋಗ. ಡಿಸೆಂಬರಿನಲ್ಲಿ ಪಕ್ಕದ ತೋಟದಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ನಡೆಯುತ್ತಿತ್ತು. ಆ ನೀರು ಹುಳಿ ಅಲ್ವಾ ಅಪ್ಪ, ತುಕ್ಕು ಬಿಡಬೇಕಲ್ಲ ಅಂತ ಒಂದು ಬಕೆಟ್ ತಂದು ಬೋಲ್ಟು ಹಾಕಿದಳು. ಇನ್ನೊಂದರಲ್ಲಿ ಹುಣಸೆಹಣ್ಣು, ಮತ್ತೊಂದರಲ್ಲಿ ಬೆಲ್ಲ. ಪಲ್ಪರ್ ನೀರು ಮೇಲಿನ ಪುಡಿ ತುಕ್ಕು ತೆಗೆಯಿತು, ಒಳಗಿನದು ಬಿಡಲಿಲ್ಲ, ಬೋಲ್ಟಿಗೆ ಒಂದು ಕಂದು ಬಣ್ಣ ಹಿಡಿಸಿಬಿಟ್ಟಿತು. ಹುಣಸೆ ಬೇಗ ಕೆಲಸ ಮಾಡಿತು, ಆದರೆ ತೆಗೆದ ಗಂಟೆಯಲ್ಲೇ ಮತ್ತೆ ತುಕ್ಕು. ಬೆಲ್ಲ ನಿಧಾನ, ಆದರೆ ಗೆದ್ದದ್ದು ಅದೇ. ಸೈಲೆನ್ಸರಿನ ಒಳಗಿನ ಬ್ಯಾಫಲ್ ಕೊಳವೆಗಳ ಕರಿಗೆ ಮಾತ್ರ ಯಾವ ನೀರೂ ಬೇಡ, ಬಚ್ಚಲ ಒಲೆಯ ಕೆಂಡದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಬೂದಿ ಕೊಡವಿದರೆ ಸಾಕು.

ದುಡ್ಡು ಹೆಚ್ಚು ತಿಂದದ್ದು ಕ್ರೋಮ್. ಮೊದಲು ಹತ್ತಿರದ ಊರಲ್ಲಿ ಅಗ್ಗಕ್ಕೆ ಮಾಡಿಸಿದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆ ಎದ್ದಿತು, ಐದೂವರೆ ಸಾವಿರ ನೀರಿಗೆ ಹೋಯಿತು. ಎರಡನೇ ಸಲ ಬೆಂಗಳೂರಿನಲ್ಲಿ, ತಾಮ್ರ, ನಿಕ್ಕಲ್ ಎರಡೂ ಕೊಟ್ಟು ಮೇಲೆ ಕ್ರೋಮ್ ಅಂತ ಬರೆಸಿಕೊಂಡು ಕೊಟ್ಟೆವು, ಹದಿನಾಲ್ಕು ಸಾವಿರದ ಆಸುಪಾಸು. ಪೇಂಟಿನದೂ ಹಾಗೇ. ಮಳೆ ಬಿಟ್ಟಿದೆ ಅಂತ ಅಕ್ಟೋಬರಿನಲ್ಲಿ ಇಲ್ಲೇ ಫ್ರೇಮಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆಸಿದರೆ ಮಲೆನಾಡಿನ ಶೀತಕ್ಕೆ ಬೆಳ್ಳಗೆ ಮಂಜು ಹಿಡಿದಂತಾಯಿತು. ಕೆರೆದು ತೆಗೆದು, ಫೆಬ್ರವರಿಯಲ್ಲಿ ಹಾಸನಕ್ಕೆ ಒಯ್ದು ಹೊಡೆಸಿದೆವು. ಸಕಲೇಶಪುರದವರು ಜನವರಿಯಿಂದ ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ ಪೇಂಟಿನ ಹೆಸರೆತ್ತಬಾರದು. ಟ್ಯಾಂಕಿನ ಚಿನ್ನದ ಗೆರೆ ಸ್ಟಿಕ್ಕರ್ ಅಲ್ಲ. ಅಂಗಡಿ ಬೋರ್ಡು ಬರೆಯುವ ಹಿರಿಯರೊಬ್ಬರ ಹತ್ತಿರ ಮಗಳು ಬ್ರಷ್ ಹಿಡಿಯೋದು ಕಲಿತು ತಾನೇ ಎಳೆದಿದ್ದಾಳೆ. ನೋಡಿದವರು ಕಾರ್ಖಾನೆಯದೇ ಅಂದುಕೊಳ್ಳುತ್ತಾರೆ.

ಸಾಮಾನಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಸಿಗೋದು ಹಳೇ ಸ್ಟಾಕು, ಇಲ್ಲವೇ ಡೂಪ್ಲಿಕೇಟು. ಡೂಪ್ಲಿಕೇಟ್ ನಮ್ಮನ್ನು ಸರಿಯಾಗಿ ಆಟ ಆಡಿಸಿದ್ದು ಎಂಜಿನ್ನಿನೊಳಗೆ ಎಣ್ಣೆ ತಡೆಯುವ ರಬ್ಬರ್ ಸೀಲಿನಲ್ಲಿ. ಎಂಜಿನ್ ಜೋಡಿಸಿ, ಕಿಡಿ ಹೊಡೆಸುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ.ಗೆ ಇಟ್ಟು, ಬಲ್ಬು ಕಟ್ಟಿ ಕಿಡಿಯ ಟೈಮಿಂಗ್ ನೋಡಿ, ಕಾರ್ಬೊರೇಟರಿನ ಟಿಕ್ಲರ್ ಗುಂಡಿ ಒತ್ತಿ ಕಿಕ್ ಹೊಡೆದಾಗ ಗಾಡಿ ಸ್ಟಾರ್ಟ್ ಆಯಿತು. ಮನೆಯವರೆಲ್ಲ ಹೊರಗೆ ಬಂದರು. ಹತ್ತು ನಿಮಿಷಕ್ಕೆ ಅಂಗಳ ಪೂರ್ತಿ ಬಿಳಿ ಹೊಗೆ.

ನೋಡಲು ಬಂದ ಮೇಸ್ತ್ರಿಗಳೆಲ್ಲ ಒಂದೇ ಮಾತು: ರಿಂಗು ಸರಿ ಕೂತಿಲ್ಲ, ಇಲ್ಲಾ ಆಯಿಲ್ ಜಾಸ್ತಿ ಹಾಕಿದ್ದೀರಿ. ನನಗೂ ರಿಂಗೇ ಅನ್ನಿಸಿತ್ತು. ಮಗಳು ಒಪ್ಪಲಿಲ್ಲ. ಪೆಟ್ರೋಲಿಗೆ ಲೀಟರಿಗೆ 40 ಎಂ.ಎಲ್. ಆಯಿಲ್ ತಾನೇ ಅಳೆದು ಹಾಕಿದ್ದಳು. ಗೇರ್ ಆಯಿಲ್ ಎಷ್ಟು ಹಾಕಿದ್ದೆ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದನ್ನು ಇಳಿಸಿ ಅಳೆದರೆ ಕಾಲು ಭಾಗದಷ್ಟು ಕಮ್ಮಿ. ಕೆಳಗೆ ಒಂದು ಹನಿ ಸೋರಿಲ್ಲ. ‘ಹಂಗಾದ್ರೆ ಆಯಿಲ್ ಎಲ್ಲಿಗೆ ಹೋಯ್ತಪ್ಪ? ಪ್ರೈಮರಿ ಚೈನ್ ಕಡೆ ಸೀಲಿಂದ ಕ್ರ್ಯಾಂಕ್ ಕೇಸು ಎಳ್ಕೊಳ್ತಿದೆ’ ಅಂದಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸು, ಅಂದರೆ ಪಿಸ್ಟನ್ ಕೆಳಗಿನ ಪೆಟ್ಟಿಗೆ, ಗಾಳಿಯನ್ನು ಎಳೆಯುವಾಗ ಸೀಲು ಸಡಿಲ ಇದ್ದರೆ ಎಣ್ಣೆಯನ್ನೂ ಎಳೆಯುತ್ತೆ, ಅದು ನಮಗೆಲ್ಲ ಗೊತ್ತು, ಆದರೆ ಅಳೆದು ನೋಡಿದ್ದು ಅವಳೊಬ್ಬಳೇ. ಕ್ಲಚ್ ಬಿಚ್ಚಿ ಸೀಲು ತೆಗೆದರೆ ತುಟಿ ಕಲ್ಲಿನಂತೆ ಗಟ್ಟಿ, ಹೊಚ್ಚಹೊಸ ಕಿಟ್ಟಿನದು. ವರ್ನಿಯರಿನಲ್ಲಿ ಅಳತೆ ತೆಗೆದುಕೊಂಡು ಹಾಸನದ ಬೇರಿಂಗ್ ಅಂಗಡಿಯಲ್ಲಿ ಒಳ್ಳೇ ಕಂಪನಿಯ ವಿಟಾನ್ (ಬಿಸಿ, ಎಣ್ಣೆ ತಡೆಯುವ ರಬ್ಬರ್) ಸೀಲು ಕೇಳಿದೆವು, ನೂರೈವತ್ತು ಇನ್ನೂರಕ್ಕೆ ಸಿಕ್ಕಿತು. ಯೆಜ್ಡಿ ಸೀಲು ಅಂತ ಕೇಳಬೇಡಿ, ಅಳತೆ ಹೇಳಿ ಕೇಳಿ. ಹೊಗೆ ನಿಂತಿತು. ಹಿರಿಯ ಮೇಸ್ತ್ರಿ ಬಂದು ನೋಡಿ, ಮಗಳ ಕಡೆ ತಿರುಗಿ ‘ನಮ್ಮ ಶೆಡ್ಡಿಗೆ ಬಾಮ್ಮ’ ಅಂದರು. ನಾನು ಪಾನಾ ಹಿಡಿದಿದ್ದರೆ ರಿಂಗು ಬಿಚ್ಚಿ ಮೂರು ಸಾವಿರ ಕಳೆಯುತ್ತಿದ್ದೆ ಅನ್ನೋದರಲ್ಲಿ ಅನುಮಾನವಿಲ್ಲ.

ನನ್ನ ಪಾಲಿಗೆ ಬಂದದ್ದು ಬ್ಯಾಟರಿ ಚಾರ್ಜ್ ಮಾಡುವ ಡೈನಮೊ. ಎಲ್ಲರೂ 12 ವೋಲ್ಟಿನ ಕಿಟ್ ಹಾಕಿಸಿ ಅಂದರು, ಮಗಳು 6 ವೋಲ್ಟೇ ಇರಲಿ ಅಂದಳು. ಆರ್ಮೇಚರ್ ಸುಟ್ಟಿತ್ತು. ನಾನೇ ಸುತ್ತಿದೆ. ಎಷ್ಟನೇ ಗೇಜಿನ ತಂತಿ, ಎಷ್ಟು ಸುತ್ತು ಅಂತ ಮಾತ್ರ ಕೇಳಬೇಡಿ, ಅದು ಅಂಗಡಿಯ ಅನ್ನ. ಮೂರನೇ ಗೇರಿನಲ್ಲಿ ಅಂದಾಜು ನಲವತ್ತರ ವೇಗಕ್ಕೆ ಬ್ಯಾಟರಿ ಚಾರ್ಜ್ ಆಗುತ್ತೆ, ಹೆಡ್‌ಲೈಟು ಹಾನುಬಾಳಿನ ತಿರುವುಗಳಿಗೆ ಸಾಕು.

ಒಟ್ಟು ಖರ್ಚು ಗಾಡಿಯ ಬೆಲೆ ಸೇರಿ ಎಂಬತ್ತು ಸಾವಿರದ ಒಳಗೆ. ಕ್ರ್ಯಾಂಕ್, ಪಿಸ್ಟನ್, ಬೇರಿಂಗು, ಲೇತು ಎಲ್ಲಾ ಸೇರಿ ಎಂಜಿನ್ನಿಗೇ ಹದಿನೇಳು, ಹದಿನೆಂಟು. ಟೈರು ಟ್ಯೂಬಿಗೆ ಐದು. ಹೊರಗೆ ಪೂರ್ತಿ ಮಾಡಿಸಲು ಕೇಳಿದ್ದು ಗಾಡಿ ಬಿಟ್ಟು ಒಂದು ಲಕ್ಷದ ಮೇಲೆ. ಒಂಬತ್ತನೇ ಕ್ಲಾಸಿನಲ್ಲಿ ಶುರುಮಾಡಿದ್ದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಗೆ ಮುಗಿಯಿತು. ನಡುವೆ ತಿಂಗಳುಗಟ್ಟಲೆ ಅವಳು ಶೆಡ್ಡಿಗೆ ಕಾಲಿಡಲಿಲ್ಲ. ನಾನು ಒಂದು ಮಾತೂ ಕೇಳಲಿಲ್ಲ, ಒಂದು ಬೋಲ್ಟೂ ಮುಟ್ಟಲಿಲ್ಲ. ಅದೇ ಕಷ್ಟದ ಕೆಲಸ, ಆದರೆ ಅಲ್ಲಿ ತಡೆದುಕೊಂಡರೆ ಮಕ್ಕಳು ತಾವಾಗಿ ವಾಪಸ್ ಬರುತ್ತಾರೆ.

ಹದಿನೆಂಟು ತುಂಬುವವರೆಗೆ ಅವಳು ರಸ್ತೆಗೆ ಇಳಿಸುವಂತಿಲ್ಲ. ಸಿಕ್ಕಿಬಿದ್ದರೆ ಅಪ್ಪನಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ಗೆಳೆಯರ ತೋಟದ ಕಾಫಿ ಕಣದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಗೇರ್ ಕಡ್ಡಿಯನ್ನೇ (ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಕಡ್ಡಿ) ಒಳಗೆ ಒತ್ತಿ ಎತ್ತಿ ಕಿಕ್ ಮಾಡಿ ಸುತ್ತು ಹೊಡೆಯುತ್ತಾಳೆ. ರಸ್ತೆಯಲ್ಲಿ ನಾನು ಓಡಿಸುತ್ತೇನೆ, ಅವಳು ಹಿಂದೆ ಕೂತು ಎಂಜಿನ್ ಸದ್ದು ಕೇಳಿ ಕಾರ್ಬೊರೇಟರಿನ ಜೆಟ್ ಬದಲಿಸಬೇಕಾ ಅಂತ ಹೇಳುತ್ತಾಳೆ. ಮಂಜರಾಬಾದ್ ಕೋಟೆಯ ಏರು ಇಬ್ಬರನ್ನೂ ಹೊತ್ತು ಮೂರನೇ ಗೇರಿನಲ್ಲಿ ಹತ್ತಿತು.

ಈಗಿನ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಟ್ಯಾಂಕ್ ಕಾಕಿನ (ಪೆಟ್ರೋಲ್ ಬಿಡುವ ನಲ್ಲಿಯ) ರಬ್ಬರು ಉಬ್ಬುತ್ತಿದೆ, ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೆ ತಳದಲ್ಲಿ ನೀರು ಸೇರುತ್ತಿದೆ. ಸದ್ಯಕ್ಕೆ ನಿಲ್ಲಿಸುವ ಮುಂಚೆ ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸುತ್ತೇವೆ. ಸ್ಪೀಡೋಮೀಟರ್ ಇನ್ನೂ ಸತ್ತೇ ಇದೆ. ಒಳಗಿನ ಹಲ್ಲು ಸವೆದಿದೆ, ಡೂಪ್ಲಿಕೇಟ್ ಬೇಡ ಅಂತ ಮಗಳ ಹಟ. ಯಾರ ಶೆಡ್ಡಿನಲ್ಲಾದರೂ ಮೂಲದ ಮೀಟರು ಮೂಲೆಯಲ್ಲಿ ಬಿದ್ದಿದ್ದರೆ, ಮುಳ್ಳು ಮುರಿದಿದ್ದರೂ ಪರವಾಗಿಲ್ಲ, ಒಳಗಿನ ಹಲ್ಲು ಗಟ್ಟಿ ಇದ್ದರೆ ಸಾಕು, ತೆಗೆದಿಡಿ. ರೇಟು ಅವಳ ಹತ್ತಿರವೇ ಮಾತಾಡಬೇಕು, ಪುಸ್ತಕ ಅವಳ ಕೈಯಲ್ಲಿದೆ.