ಯಾವ ಕೆಲಸಕ್ಕೆ ಯಾವ ಸರ್ಕಾರ? ಡಲ್ಲಾಸ್ ಸುತ್ತಮುತ್ತ ಹೊಸದಾಗಿ ಬಂದ ಕುಟುಂಬಗಳಿಗೆ

ಊರಲ್ಲಿ ಏನೇ ಕೆಲಸವಿರಲಿ, ತಾಲ್ಲೂಕು ಕಚೇರಿಗೋ ಡಿಸಿ ಆಫೀಸಿಗೋ ಹೋಗಿ ವಿಚಾರಿಸಿದರೆ ದಾರಿ ಸಿಗುತ್ತದೆ. ಇಲ್ಲಿ ಅಂಥ ಒಂದೇ ಬಾಗಿಲಿಲ್ಲ. ಇರ್ವಿಂಗ್‌ನಲ್ಲಿ ಮನೆ ಮಾಡಿದ ಕುಟುಂಬವೊಂದು ಏಕಕಾಲಕ್ಕೆ ಫೆಡರಲ್ ಸರ್ಕಾರ, ಟೆಕ್ಸಸ್ ರಾಜ್ಯ, ಡಲ್ಲಾಸ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಇರ್ವಿಂಗ್ ಸಿಟಿ ಮತ್ತು ಸರ್ಕಾರಿ ಶಾಲೆಗಳನ್ನು ನಡೆಸುವ ಒಂದು ಸ್ಕೂಲ್ ಡಿಸ್ಟ್ರಿಕ್ಟ್ ಇಷ್ಟರ ಲೆಕ್ಕದಲ್ಲೂ ಇರುತ್ತದೆ. ಪ್ರತಿಯೊಂದಕ್ಕೂ ಅದರದೇ ಕಚೇರಿ, ಅದರದೇ ಚುನಾವಣೆ. ತಪ್ಪು ಕಡೆ ಕೊಟ್ಟ ಅರ್ಜಿ ತಾನಾಗಿ ಸರಿಯಾದ ಕಡೆಗೆ ಹೋಗುವುದಿಲ್ಲ.

ವೀಸಾ, ಗ್ರೀನ್ ಕಾರ್ಡ್, ಸೋಶಿಯಲ್ ಸೆಕ್ಯುರಿಟಿ ನಂಬರ್ ಎಲ್ಲ ಫೆಡರಲ್. ಡ್ರೈವಿಂಗ್ ಲೈಸೆನ್ಸ್ ರಾಜ್ಯದ್ದು; ಟೆಕ್ಸಸ್‌ನಲ್ಲಿ ಅದನ್ನು ಕೊಡುವುದು ಡಿಪಿಎಸ್, ಅಂದರೆ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ. ಕಾರಿನ ರಿಜಿಸ್ಟ್ರೇಷನ್ ಮಾತ್ರ ಕೌಂಟಿಯ ಟ್ಯಾಕ್ಸ್ ಆಫೀಸಿನಲ್ಲಿ. ಊರಲ್ಲಿ ಎರಡಕ್ಕೂ ಆರ್‌ಟಿಒ ಒಂದೇ ಆದ್ದರಿಂದ ಇಲ್ಲಿ ಎಡವುವುದು ಸಹಜ. ವೀಸಾದ ಮೇಲಿರುವವರ ಲೈಸೆನ್ಸ್ ಅವರು ಇಲ್ಲಿರಲು ಅನುಮತಿ ಇರುವ ದಿನಾಂಕಕ್ಕೇ ಮುಗಿಯುತ್ತದೆ. ವೀಸಾ ವಿಸ್ತರಣೆಯ ಕಾಗದ ಬಂದ ಕೂಡಲೇ ಡಿಪಿಎಸ್‌ನಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯಿರಿ.

ಪೊಲೀಸರಲ್ಲೂ ಮೂರು ಬಗೆ: ಸಿಟಿ ಪೊಲೀಸ್, ಕೌಂಟಿಯ ಶೆರಿಫ್, ಹೆದ್ದಾರಿಯಲ್ಲಿ ರಾಜ್ಯದ ಟ್ರೂಪರ್. ಇವರಲ್ಲಿ ಶೆರಿಫ್ ಜನರ ಮತದಿಂದ ಗೆದ್ದು ಬಂದವರು. ಟ್ರಾಫಿಕ್ ಟಿಕೆಟ್ ಸಿಕ್ಕಿದರೆ ಅದರಲ್ಲಿ ಬರೆದಿರುವ ಕೋರ್ಟಿನ ಹೆಸರು ಮತ್ತು ಕೊನೆಯ ದಿನಾಂಕ ನೋಡಿ. ಸಿಟಿ ಪೊಲೀಸರು ಕೊಟ್ಟದ್ದು ಸಾಮಾನ್ಯವಾಗಿ ಮುನಿಸಿಪಲ್ ಕೋರ್ಟಿಗೆ, ಟ್ರೂಪರ್ ಕೊಟ್ಟದ್ದು ಕೌಂಟಿಯ ಸಣ್ಣ ಕೋರ್ಟಾದ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ ಹೋಗುತ್ತದೆ. ಸುಮ್ಮನೆ ಬಿಟ್ಟರೆ ವಾರಂಟ್ ಹೊರಡಬಹುದು. ಸ್ಥಳದಲ್ಲೇ ಪೊಲೀಸರಿಗೆ ದಂಡದ ದುಡ್ಡು ಕೊಡಲು ಮುಂದಾಗಬೇಡಿ. ಅದನ್ನು ಲಂಚ ಎಂದೇ ತಿಳಿಯುತ್ತಾರೆ.

ಮನೆ ಹುಡುಕುವಾಗ ಒಂದು ಎಚ್ಚರ. ಸಿಟಿಯ ಗಡಿ ಬೇರೆ, ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿ ಬೇರೆ. ಇರ್ವಿಂಗ್ ವಿಳಾಸವಿದ್ದರೂ ಮನೆ ಕೊಪೆಲ್ ಅಥವಾ ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್ ಡಿಸ್ಟ್ರಿಕ್ಟ್‌ಗೆ ಸೇರಿರಬಹುದು. ಏಜೆಂಟ್ ಮಾತಿಗಿಂತ, ಲೀಸ್‌ಗೆ ಸಹಿ ಹಾಕುವ ಮುನ್ನ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡುವುದೇ ವಾಸಿ.

ಸ್ವಂತ ಮನೆ ಕೊಂಡವರಿಗೆ ಈ ಸರ್ಕಾರಗಳೆಲ್ಲ ಒಟ್ಟಿಗೆ ಕಾಣುವ ಜಾಗ ಪ್ರಾಪರ್ಟಿ ಟ್ಯಾಕ್ಸ್ ಬಿಲ್. ಕೌಂಟಿ, ಸಿಟಿ, ಸ್ಕೂಲ್, ಕಮ್ಯುನಿಟಿ ಕಾಲೇಜು, ಸಾರ್ವಜನಿಕ ಆಸ್ಪತ್ರೆ ಎಂದು ಸಾಲು ಸಾಲಾಗಿ ದರ ಇರುತ್ತದೆ. ದೊಡ್ಡ ಪಾಲು ಸ್ಕೂಲಿನದು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಖುಷಿಪಟ್ಟವರು ಈ ಬಿಲ್ ನೋಡಿದ ಮೇಲೆ ಸ್ವಲ್ಪ ಮೌನವಾಗುತ್ತಾರೆ. ಮನೆಯ ಬೆಲೆ ಕಟ್ಟುವುದು ಅಪ್ರೈಸಲ್ ಡಿಸ್ಟ್ರಿಕ್ಟ್. ಅದು ಹೆಚ್ಚಾಯಿತು ಎನಿಸಿದರೆ ಮೇ 15ರೊಳಗೆ, ಅಥವಾ ನೋಟಿಸ್ ಕಳಿಸಿದ 30 ದಿನದೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರೊಟೆಸ್ಟ್, ಅಂದರೆ ಆಕ್ಷೇಪಣೆ, ಸಲ್ಲಿಸಬೇಕು. ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಪೌರತ್ವ ಬೇಕಿಲ್ಲ. ಆದರೆ ಲೈಸೆನ್ಸಿನಲ್ಲಿ ಹಳೆಯ ಅಪಾರ್ಟ್‌ಮೆಂಟ್ ವಿಳಾಸವೇ ಉಳಿದಿದ್ದರೆ ಅರ್ಜಿ ಸಾಮಾನ್ಯವಾಗಿ ವಾಪಸ್ ಬರುತ್ತದೆ.

ಇನ್ನು ಮೇಲಿನ ಹಂತ. ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರೇ ಆರಿಸುವ ರಾಜ್ಯದ ಮುಖ್ಯಸ್ಥ. ಟೆಕ್ಸಸ್ ಶಾಸನಸಭೆಯ ನಿಯಮಿತ ಅಧಿವೇಶನ ಬೆಸ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ. ಕೌಂಟಿ ಜಡ್ಜ್ ಎಂದರೆ ಮುಖ್ಯವಾಗಿ ಕೌಂಟಿಯ ಆಡಳಿತ ನೋಡುವವರು. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷರು ಕಾಂಗ್ರೆಸ್‌ನ ಸದಸ್ಯರಲ್ಲ. ಬಹುಮತ ಹೋಯಿತೆಂದು ಸರ್ಕಾರ ಬೀಳುವುದೂ ಇಲ್ಲ. ಕಾಂಗ್ರೆಸ್ ಎಂಬುದು ಪಕ್ಷವಲ್ಲ, ಸಂಸತ್ತು: ಎರಡು ವರ್ಷದ ಅವಧಿಯ 435 ಸದಸ್ಯರ ಹೌಸ್, ಆರು ವರ್ಷದ ಅವಧಿಯ 100 ಸದಸ್ಯರ ಸೆನೆಟ್. ಅಧ್ಯಕ್ಷರು ಹೆಸರಿಸಿದ ದೊಡ್ಡ ಹುದ್ದೆಗಳಿಗೆ ಸೆನೆಟ್ ಒಪ್ಪಬೇಕು. ಮಂಡ್ಯದ ಹಲ್ಲೆಗೆರೆ ಮೂಲದ ವೈದ್ಯ ವಿವೇಕ್ ಮೂರ್ತಿ ಅವರನ್ನು ಸಾರ್ವಜನಿಕ ಆರೋಗ್ಯದ ಮುಖ್ಯ ಹುದ್ದೆಯಾದ ಸರ್ಜನ್ ಜನರಲ್ ಸ್ಥಾನಕ್ಕೆ 2013ರ ನವೆಂಬರ್‌ನಲ್ಲಿ ಹೆಸರಿಸಿದರೂ ಸೆನೆಟ್ ಒಪ್ಪಿದ್ದು 2014ರ ಡಿಸೆಂಬರ್‌ನಲ್ಲಿ, 51-43 ಮತಗಳಿಂದ.

ಮಸೂದೆ ಹೇಗೆ ಸಾಯುತ್ತದೆ ಎಂಬುದಕ್ಕೆ ನಮ್ಮವರಿಗೆ ಚೆನ್ನಾಗಿ ತಟ್ಟಿದ ಉದಾಹರಣೆಯೇ ಇದೆ. ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇ. 7 ಎಂಬ ಮಿತಿ ಕಾನೂನಿನಲ್ಲೇ ಇದೆ. ಭಾರತೀಯರ ಸರದಿ ಇಷ್ಟು ಉದ್ದವಾಗಲು ಅದೇ ಮುಖ್ಯ ಕಾರಣ. ಅದನ್ನು ತೆಗೆಯುವ ಮಸೂದೆಗೆ 2019ರ ಜುಲೈನಲ್ಲಿ ಹೌಸ್ 365-65 ಮತಗಳ ಒಪ್ಪಿಗೆ ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಒಪ್ಪಿತು, ಆದರೆ ತಿದ್ದಿದ ರೂಪದಲ್ಲಿ. ಎರಡೂ ಸದನ ಅಕ್ಷರಶಃ ಒಂದೇ ಪಠ್ಯಕ್ಕೆ ಒಪ್ಪಿಗೆ ಕೊಟ್ಟ ಮೇಲಷ್ಟೇ ಮಸೂದೆ ಅಧ್ಯಕ್ಷರ ಸಹಿಗೆ ಹೋಗುತ್ತದೆ. ಅದಾಗುವಷ್ಟರಲ್ಲಿ 2021ರ ಜನವರಿಗೆ ಆ ಕಾಂಗ್ರೆಸ್‌ನ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. ಹೊಸ ಕಾಂಗ್ರೆಸ್‌ನಲ್ಲಿ ಎಲ್ಲವೂ ಮೊದಲಿನಿಂದ. ಆದ್ದರಿಂದ "ಹೌಸ್‌ನಲ್ಲಿ ಪಾಸಾಯಿತಂತೆ" ಎಂಬ ವಾಟ್ಸಾಪ್ ಸುದ್ದಿ ನಂಬಿ ಕೆಲಸ ಬದಲಿಸುವ, ಮನೆ ಕೊಳ್ಳುವ ತೀರ್ಮಾನ ಮಾಡಬೇಡಿ.

ಶಟ್‌ಡೌನ್ ಕೂಡ ಇಂಥದೇ ಜಗ್ಗಾಟದ ಫಲ. ಫೆಡರಲ್ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರಲ್ಲಿ ಖರ್ಚಿಗೆ ಒಪ್ಪಿಗೆ ಸಿಗದಿದ್ದರೆ ಹಲವು ಕಚೇರಿಗಳು ಮುಚ್ಚುತ್ತವೆ. ವಲಸೆ ಇಲಾಖೆ ಬಹುಪಾಲು ಅರ್ಜಿ ಶುಲ್ಕದಿಂದ ನಡೆಯುವುದರಿಂದ ಅದು ತೆರೆದೇ ಇರುತ್ತದೆ. ಆದರೆ ಎಚ್1ಬಿ ಉದ್ಯೋಗ ವೀಸಾದ ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಬೇಕು; ಅದು ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಸಲ್ಲಿಸುವ ಅರ್ಜಿ. 2013ರ ಶಟ್‌ಡೌನ್‌ನಲ್ಲಿ ಆ ಕೆಲಸವೇ ನಿಂತಿತ್ತು. ಕಂಪನಿ ಬದಲಿಸುವವರು, ವೀಸಾ ವಿಸ್ತರಿಸುವವರು ಎಲ್‌ಸಿಎಯನ್ನು ಸೆಪ್ಟೆಂಬರ್ ಮಧ್ಯದೊಳಗೆ ಮುಗಿಸಿಕೊಳ್ಳುವುದು ಕ್ಷೇಮ.

ಪೌರರಲ್ಲದವರು ಮಾಡಬಾರದ್ದು

ಈ ಭಾಗವನ್ನು ಮನೆಯವರೆಲ್ಲ ಓದಬೇಕು. ಡಿಪಿಎಸ್‌ನ ಲೈಸೆನ್ಸ್ ಅರ್ಜಿಯಲ್ಲೇ ಮತದಾರರಾಗಿ ನೋಂದಾಯಿಸಿಕೊಳ್ಳುವಿರಾ ಎಂಬ ಪ್ರಶ್ನೆ ಇದೆ, ಅಮೆರಿಕದ ಪೌರರೇ ಎಂಬ ಪ್ರಶ್ನೆಯೂ ಇದೆ. ವೀಸಾದವರಿರಲಿ, ಗ್ರೀನ್ ಕಾರ್ಡಿನವರಿರಲಿ, ಎರಡಕ್ಕೂ "ಇಲ್ಲ" ಎಂದೇ ಬರೆಯಬೇಕು. ಅಂಗಡಿ ಮುಂದೆ ಮೇಜು ಹಾಕಿಕೊಂಡು ನೋಂದಣಿ ಮಾಡುವ ಸ್ವಯಂಸೇವಕರು ನಿಮ್ಮ ಕಾಗದಪತ್ರ ಪರಿಶೀಲಿಸುವುದಿಲ್ಲ. ಅವರು ಫಾರ್ಮ್ ತೆಗೆದುಕೊಂಡರು ಎಂದ ಮಾತ್ರಕ್ಕೆ ನೀವು ಅರ್ಹರು ಎಂದಲ್ಲ. ಪೌರರೆಂದು ಸುಳ್ಳು ಹೇಳಿಕೆ ಕೊಟ್ಟರೆ ಗ್ರೀನ್ ಕಾರ್ಡಿಗೆ ಶಾಶ್ವತ ಅಡ್ಡಿಯಾಗಬಹುದು, ಗಡೀಪಾರಿನವರೆಗೂ ಹೋಗಬಹುದು. ವರ್ಷಗಳ ನಂತರ ಪೌರತ್ವದ ಎನ್-400 ಅರ್ಜಿ ನೀವು ಎಂದಾದರೂ ಮತಕ್ಕೆ ನೋಂದಾಯಿಸಿದ್ದಿರಾ ಎಂದು ಕೇಳಿಯೇ ಕೇಳುತ್ತದೆ. ಕಣ್ತಪ್ಪಿನಿಂದ ಮತದಾರರ ಕಾರ್ಡ್ ಅಂಚೆಯಲ್ಲಿ ಬಂದಿದ್ದರೆ ಹರಿದು ಎಸೆಯಬೇಡಿ. ಅದನ್ನು ಹಿಡಿದು ಮೊದಲು ವಲಸೆ ವಕೀಲರನ್ನು ಕಾಣಿ.

ದೇಣಿಗೆಯ ನಿಯಮ ಬೇರೆ. ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗಳಿಗೆ ಹಣ ಕೊಡಬಹುದು. ಎಚ್1ಬಿ, ಎಚ್4, ಎಲ್1, ಎಫ್1 ವೀಸಾದವರು ಸಿಟಿ ಕೌನ್ಸಿಲ್ ಅಭ್ಯರ್ಥಿಗೂ ಕೊಡುವಂತಿಲ್ಲ. ಅಭ್ಯರ್ಥಿಯ ಫಂಡ್‌ರೈಸರ್ ಊಟದ ಟಿಕೆಟ್ ಕೊಂಡರೆ ಅದೂ ದೇಣಿಗೆಯೇ. ಸ್ನೇಹಿತರ ಹೆಸರಿನಲ್ಲಿ ಕೊಡಿಸುವುದು ಇನ್ನೊಂದು ಅಪರಾಧ. ಸಂಬಳವಿಲ್ಲದೆ ಪ್ರಚಾರದಲ್ಲಿ ಕೈಜೋಡಿಸಲು ಅಡ್ಡಿಯಿಲ್ಲ.

ಜ್ಯೂರಿ ಸಮನ್ಸ್, ಅಂದರೆ ಕೋರ್ಟಿನ ಕೇಸಿನಲ್ಲಿ ತೀರ್ಪು ಹೇಳುವ ಪೌರರ ತಂಡಕ್ಕೆ ಕರೆ, ಬಂದರೆ ಗಾಬರಿ ಬೇಡ. ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ತೆಗೆಯುವುದರಿಂದ ಪೌರರಲ್ಲದವರಿಗೂ ಬರುತ್ತದೆ. ಪೌರನಲ್ಲ ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿ, ಹೇಳಿದ ದಿನದೊಳಗೆ ಉತ್ತರಿಸಿ, ಪ್ರತಿ ಇಟ್ಟುಕೊಳ್ಳಿ.

ಕೇಸ್ ನಿಂತುಹೋದರೆ

ಮತ ಇಲ್ಲದಿದ್ದರೂ ನಿಮ್ಮ ವಿಳಾಸಕ್ಕೆ ಒಬ್ಬ ಹೌಸ್ ಸದಸ್ಯರು, ಇಬ್ಬರು ಸೆನೆಟರ್‌ಗಳು ಇದ್ದಾರೆ. ವಲಸೆ ಅರ್ಜಿ ಪ್ರಕಟಿತ ಅವಧಿ ಮೀರಿ ನಿಂತಿದ್ದರೆ ಮೂವರಲ್ಲಿ ಒಬ್ಬರ ಸ್ಥಳೀಯ ಕಚೇರಿಗೆ ಬರೆಯಿರಿ. ಮೂವರಿಗೂ ಬರೆದರೆ ಒಂದೇ ವಿಚಾರಣೆ ಮೂರು ಸಲ ಹೋಗಿ ಗೊಂದಲವಾಗುತ್ತದೆ. ರಶೀದಿ ನಂಬರ್ ಮತ್ತು ಅರ್ಜಿದಾರರೇ ಸಹಿ ಮಾಡಿದ ಪ್ರೈವಸಿ ರಿಲೀಸ್ ಫಾರ್ಮ್ (ನಿಮ್ಮ ಕಡತದ ವಿವರ ಪಡೆಯಲು ಅನುಮತಿ ಪತ್ರ) ಇಲ್ಲದೆ ಅವರು ಹೆಜ್ಜೆ ಇಡುವುದಿಲ್ಲ. ಕಳೆದ ಕಡತ ಹುಡುಕಿಸಲು, ಉತ್ತರ ತರಿಸಲು ಇದು ಒಳ್ಳೆಯ ದಾರಿ. ಸರದಿಯ ದಿನಾಂಕವನ್ನು ಮುಂದಕ್ಕೆ ಸರಿಸುವುದು ಮಾತ್ರ ಅವರ ಕೈಯಲ್ಲಿಲ್ಲ.

ಅಪ್ಪ ಅಮ್ಮನ ಪೌರತ್ವ ಪರೀಕ್ಷೆ

2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರು 128 ಪ್ರಶ್ನೆಗಳ ಪಟ್ಟಿ ಓದಬೇಕು. 20 ಕೇಳುತ್ತಾರೆ, 12 ಸರಿಯಾಗಬೇಕು. ಮನೆಯಲ್ಲಿರುವ ಹಳೆಯ 100 ಪ್ರಶ್ನೆಗಳ ಪುಸ್ತಕ ಅವರಿಗೆ ಸಾಲದು. 50 ವರ್ಷ ತುಂಬಿ ಗ್ರೀನ್ ಕಾರ್ಡ್‌ನಲ್ಲಿ 20 ವರ್ಷ ಇಲ್ಲಿದ್ದವರಿಗೆ, ಅಥವಾ 55 ತುಂಬಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸಬಹುದು. ದುಭಾಷಿಯನ್ನು ಸಾಮಾನ್ಯವಾಗಿ ನೀವೇ ಕರೆದುಕೊಂಡು ಹೋಗಬೇಕು. ಸೆನೆಟರ್, ಗವರ್ನರ್, ಹೌಸ್ ಸ್ಪೀಕರ್ ಹೆಸರುಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿಸಬೇಡಿ. ಸಂದರ್ಶನದ ದಿನ ಆ ಹುದ್ದೆಯಲ್ಲಿ ಯಾರಿದ್ದಾರೋ ಅವರ ಹೆಸರೇ ಸರಿಯುತ್ತರ. ಹಿಂದಿನ ದಿನ ಒಮ್ಮೆ ನೋಡಿಕೊಂಡು ಹೇಳಿಕೊಡಿ.