ಸ್ಮ್ಯಾಶ್ ಆಟವನ್ನು ನಾನು ಅಂಚಿನಿಂದ ಕಲಿತೆ

ಸೂಪರ್ ಸ್ಮ್ಯಾಶ್ ಬ್ರೋಸ್ ಅಲ್ಟಿಮೇಟ್ ಅಂದರೆ ನಿಂಟೆಂಡೊ ಕಂಪನಿಯ ಸ್ವಿಚ್ ಯಂತ್ರದಲ್ಲಿ ಆಡುವ ಹೊಡೆದಾಟದ ವಿಡಿಯೊ ಗೇಮ್. ಅದನ್ನು ಆಡಲು ಹೊಸದಾಗಿ ಕೂತವರಿಗೆ ಹೊಡೆಯುವುದು ಹೇಗೆಂದು ನಾನು ಮೊದಲು ಹೇಳಿಕೊಡುವುದಿಲ್ಲ. ಸ್ಟೇಜಿನಿಂದ, ಅಂದರೆ ಹೊಡೆದಾಟ ನಡೆಯುವ ಕಟ್ಟೆಯಿಂದ, ಆಚೆ ಹಾರಿಹೋದ ಮೇಲೆ ವಾಪಸ್ ಬರುವುದು ಹೇಗೆ ಅನ್ನುವುದೇ ಮೊದಲ ಪಾಠ. ನಾನು ಕಲಿತದ್ದೂ ಹಾಗೇ. ವಿಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಮುಂದೆ ಸೇರುವ ಗುಂಪಿನಲ್ಲಿ ಅಕ್ಕನ ಮಗ ಇದ್ದಾನೆ, ನನ್ನ ಕಾಲೇಜು ಗೆಳೆಯರಿದ್ದಾರೆ, ಕೆಳಗಿನ ಮನೆಯ ಹುಡುಗಿಯರಿಬ್ಬರು ಆಗಾಗ ಬಂದು ಕೂರುತ್ತಾರೆ. ಎಲ್ಲರಿಗೂ ಇದೇ ಕ್ರಮದಲ್ಲಿ ಕಲಿಸಿದ್ದೇನೆ.

ಕಾರಣ ಆಟದ ಲೆಕ್ಕದಲ್ಲೇ ಇದೆ. ಬೇರೆ ಫೈಟಿಂಗ್ ಗೇಮ್‌ಗಳಲ್ಲಿ ಮೇಲೊಂದು ಪಟ್ಟಿ ಇರುತ್ತದೆ, ಪೆಟ್ಟು ಬಿದ್ದಂತೆಲ್ಲ ಖಾಲಿಯಾಗುತ್ತದೆ, ಮುಗಿದರೆ ಸೋತಂತೆ. ಸ್ಮ್ಯಾಶ್‌ನಲ್ಲಿ ಪರದೆಯ ಕೆಳಗೆ ಸೊನ್ನೆಯಿಂದ ಶುರುವಾಗುವ ಶೇಕಡಾವಾರು ಅಂಕಿ. ಪೆಟ್ಟು ಬಿದ್ದಷ್ಟೂ ಅದು ಏರುತ್ತದೆ, 999ರವರೆಗೂ ಹೋಗಬಹುದು. ಅಂಕಿ ಏರುತ್ತಾ ಹೋದಂತೆ ಬಿಳಿ ಬಣ್ಣ ಕೆಂಪಿಗೆ ತಿರುಗುತ್ತದೆ, ಮುಂದಿನ ಹೊಡೆತಕ್ಕೆ ಇನ್ನಷ್ಟು ದೂರ ಹಾರುತ್ತೀರಿ. ಆದರೆ ಪರದೆಯಾಚೆಯ ಗಡಿ ದಾಟುವ ತನಕ ಔಟ್ ಅಲ್ಲ. 150 ಏರಿಸಿಕೊಂಡವನೂ ವಾಪಸ್ ಬಂದು ಸ್ಟೇಜಿನ ಮೇಲೆ ಕಾಲಿಟ್ಟರೆ ಆಟ ಮುಂದುವರಿಯುತ್ತದೆ. ಹೊಡೆಯುವುದೊಂದೇ ಗೊತ್ತಿದ್ದವನ ಜೀವ ಅಂಚಿನಾಚೆ ಬೇಗ ಖರ್ಚಾಗುತ್ತದೆ.

ಮನೆಗೆ ಬಂದವರ ಕೈಗೆ ಕಂಟ್ರೋಲರ್ ಕೊಡುವ ಮುಂಚೆ ಒಂದು ಸೆಟ್ಟಿಂಗ್ ಬದಲಿಸುತ್ತೇನೆ. ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದರೂ ಜಿಗಿಯುವಂತೆ ಆಟ ಮೊದಲೇ ಹೊಂದಿಸಿಟ್ಟಿರುತ್ತದೆ, ಟ್ಯಾಪ್ ಜಂಪ್ ಅಂತ. ಅದನ್ನು ಆಫ್ ಮಾಡುತ್ತೇನೆ. ವಾಪಸ್ ಬರುವ ಮುಖ್ಯ ದಾರಿ ಸ್ಟಿಕ್ ಮೇಲೆ ಮಾಡಿ ಸ್ಪೆಷಲ್ ಬಟನ್ ಒತ್ತುವುದು. ಟ್ಯಾಪ್ ಜಂಪ್ ಇದ್ದರೆ ಆ ಹೊತ್ತಿಗೆ ಗಾಳಿಯಲ್ಲಿ ಉಳಿದಿದ್ದ ಒಂದು ಜಿಗಿತವೂ ಕೈತಪ್ಪಿ ಖರ್ಚಾಗುತ್ತದೆ. ಹೊಸಬರಿಗೆ ಇದರಷ್ಟು ಉಪಕಾರ ಬೇರೆ ಯಾವುದೂ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಟ್ರೇನಿಂಗ್ ಮೋಡ್, ಪಾತ್ರ ಮಾರಿಯೋ. ಸ್ಟೇಜಿನ ಅಂಚಿನಿಂದ ಸುಮ್ಮನೆ ನಡೆದು ಕೆಳಗೆ ಬೀಳಬೇಕು. ಬಿದ್ದ ತಕ್ಷಣ ಜಿಗಿಯುವ ಆಸೆ ಬರುತ್ತದೆ, ಜಿಗಿಯಬಾರದು. ಮಾರಿಯೋ ಅಂಚಿಗಿಂತ ಚೆನ್ನಾಗಿ ಕೆಳಗಿಳಿಯಲಿ. ಆಗ ಗಾಳಿಯಲ್ಲಿ ಉಳಿದಿರುವ ಆ ಒಂದು ಜಿಗಿತ, ಅದು ತುದಿ ಮುಟ್ಟಿ ಇಳಿಯಲು ಶುರುವಾದಾಗ ಸ್ಟಿಕ್ ಮೇಲೆ ಮಾಡಿ ಸ್ಪೆಷಲ್. ಮುಷ್ಟಿ ಎತ್ತಿ ಮೇಲೇರಿದ ಮಾರಿಯೋ ಅಂಚನ್ನು ತಾನೇ ಹಿಡಿದುಕೊಳ್ಳುತ್ತಾನೆ. ಸ್ಪೆಷಲ್ ಕೊನೆಗಿರಲಿ ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ಅದಾದ ಮೇಲೆ ಅಂಚು ಹಿಡಿಯುವ ಇಲ್ಲವೇ ನೆಲ ಮುಟ್ಟುವವರೆಗೆ ಮಾರಿಯೋ ಕೈಲಿ ಏನೂ ಆಗುವುದಿಲ್ಲ, ಸುಮ್ಮನೆ ಬೀಳುತ್ತಾನೆ. ಈ ಕ್ರಮ ಬೆರಳಿಗೆ ಹತ್ತುವವರೆಗೆ ಎದುರಾಳಿಯನ್ನು ಹಚ್ಚುವುದಿಲ್ಲ. ಮೂಲೆಗೆ ಹೋಗಿ ಒಬ್ಬರೇ ಅಭ್ಯಾಸ ಮಾಡಿದವರು ಅದೇ ಸಂಜೆ ಬೇರೆಯೇ ಆಟಗಾರರಾಗಿರುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಕನ ಮಗ ಮೊದಲು ಒಪ್ಪಲಿಲ್ಲ. "ಮಾಮ, ಹೊಡೆಯೋದು ಯಾವಾಗ ಹೇಳ್ಕೊಡ್ತೀಯ?" ಅಂತ ಒಂದೇ ಸಮನೆ ಕೇಳುತ್ತಿದ್ದ. "ಅಂಚು ಹಿಡಿಯೋದು ಬರಲಿ ಕಣೋ, ಹೊಡೆಯೋದು ತಾನಾಗೇ ಬರುತ್ತೆ" ಅಂದೆ. ಅವನಿಗೆ ಕರ್ಬಿ ಅನ್ನುವ ಪಾತ್ರ ಕೊಟ್ಟೆ. ಕರ್ಬಿ ಗಾಳಿಯಲ್ಲೇ ಐದು ಸಲ ಜಿಗಿಯುತ್ತದೆ, ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಕರ್ಬಿಯನ್ನು ರೂಪಿಸಿದ ಮಸಾಹಿರೊ ಸಕುರಾಯಿಯವರೇ ಸ್ಮ್ಯಾಶ್ ಸರಣಿಯ ನಿರ್ದೇಶಕರು. 1999ರ ಮೊದಲ ಆಟಕ್ಕೆ ಮುಂಚೆ ಒಂದು ಮಾದರಿ ತಯಾರಾಗಿತ್ತು. ಅದರ ಪ್ರೋಗ್ರಾಮಿಂಗ್ ಮಾಡಿದವರು ಸತೋರು ಇವಾಟಾ, 2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದವರು.

ಆ ಮೊದಲ ಆಟದಲ್ಲಿ 12 ಪಾತ್ರಗಳು, ಎಲ್ಲವೂ ನಿಂಟೆಂಡೊ ಮನೆಯವು. 2008ರಲ್ಲಿ ಸ್ನೇಕ್ ಮತ್ತು ಸೋನಿಕ್ ಸೇರಿದಾಗ ಹೊರಗಿನವರಿಗೂ ಬಾಗಿಲು ತೆರೆಯಿತು. 2018ರ ಡಿಸೆಂಬರ್‌ನಲ್ಲಿ ಬಂದ ಅಲ್ಟಿಮೇಟ್‌ಗೆ 2021ರ ಅಕ್ಟೋಬರ್‌ನಲ್ಲಿ ಕೊನೆಯವನಾಗಿ ಸೋರಾ ಸೇರಿದ ಮೇಲೆ ಒಟ್ಟು 89 ಪಾತ್ರಗಳಾದವು. ಇಷ್ಟೊಂದು ಬೇರೆ ಬೇರೆ ಆಟಗಳ ಮಂದಿ ಒಂದೇ ಸ್ಟೇಜಿನಲ್ಲಿ ಸೇರಿದ್ದಾರೆ ಅನ್ನುವುದು ನನಗೆ ಅರ್ಥವಾದದ್ದು ಅವರು ವಾಪಸ್ ಬರುವ ರೀತಿಯಿಂದ. ಸೋನಿಕ್ ಸ್ಪ್ರಿಂಗ್ ಮೇಲೆ ಚಿಮ್ಮಿ ಬರುತ್ತಾನೆ. ಸ್ನೇಕ್ ಡ್ರೋನ್‌ಗೆ ಜೋತುಬಿದ್ದು ಬರುತ್ತಾನೆ. ಪ್ಯಾಕ್-ಮ್ಯಾನ್ ಗಾಳಿಯಲ್ಲಿ ಟ್ರ್ಯಾಂಪೊಲಿನ್ ಹಾಸಿ ಪುಟಿಯುತ್ತಾನೆ. ಮೈನ್‌ಕ್ರಾಫ್ಟ್‌ನ ಸ್ಟೀವ್ ಅಲ್ಲೇ ಬ್ಲಾಕ್ ಇಟ್ಟು ಕಾಲೂರಬಲ್ಲ, ರೆಕ್ಕೆ ಬಿಚ್ಚಿ ತೇಲಿಯೂ ಬರಬಲ್ಲ. ವಿಲೇಜರ್ ಎರಡು ಬಲೂನು ಕಟ್ಟಿಕೊಂಡು ಏರುತ್ತಾನೆ, ಆ ಬಲೂನುಗಳನ್ನು ಎದುರಾಳಿ ಒಡೆಯಬಹುದು. ಹಲವರು ತಮ್ಮ ತವರಿನ ಆಟದ ಸಾಮಾನು ಹೊತ್ತು ತಂದಿದ್ದಾರೆ, ಅದು ಬೀಳುವ ಹೊತ್ತಿನಲ್ಲಿ ಕೈಗೆ ಬರುತ್ತದೆ. ಈ ಜಾಣ್ಮೆಗೆ ನಾನು ಮನಸೋತಿದ್ದೇನೆ.

ವಾಪಸ್ ಬರುವುದು ಕೂತ ಮೇಲೆ ಅದರ ಇನ್ನೊಂದು ಬದಿ: ಬರುವವರನ್ನು ತಡೆಯುವುದು. ಕಬಡ್ಡಿ ಆಡಿದವರಿಗೆ ಇದು ಬೇಗ ಹತ್ತುತ್ತದೆ. ರೇಡರ್ ಮಧ್ಯಗೆರೆ ಮುಟ್ಟುವ ದಾರಿಯಲ್ಲಿ ಇದ್ದಾನೆ, ನೀವು ಆ ದಾರಿಯನ್ನು ಕಟ್ಟಬೇಕು. ನೆಸ್ ಅಂತ ಒಬ್ಬ ಹುಡುಗ ಇದ್ದಾನೆ. ಮಿಂಚಿನ ಗುಂಡು ಬಿಟ್ಟು, ಅದನ್ನು ತಿರುಗಿಸಿ ತನ್ನ ಮೈಗೇ ಬಡಿಸಿಕೊಂಡು, ಆ ರಭಸದಲ್ಲಿ ಸ್ಟೇಜಿಗೆ ಹಾರುತ್ತಾನೆ. ನಮ್ಮ ಗುಂಪಿನ ಗೆಳೆಯನೊಬ್ಬ ನೆಸ್ ಬಿಟ್ಟು ಬೇರೆ ಆಡುವವನಲ್ಲ. ಒಂದು ಭಾನುವಾರ ಇಬ್ಬರದೂ ಕೊನೆಯ ಜೀವ. ಅವನು ಬಲಗಡೆ ಕೆಳಗೆ, ಗುಂಡು ಆಗಲೇ ಸುತ್ತಿ ತಿರುಗುತ್ತಿದೆ. ಅಕ್ಕನ ಮಗ ಕರ್ಬಿಯನ್ನು ಸ್ಟೇಜಿನಿಂದ ಹೊರಗೆ ಜಿಗಿಸಿ, ಗುಂಡಿಗೂ ನೆಸ್‌ಗೂ ನಡುವೆ ತಂದ. ಗುಂಡು ಕರ್ಬಿಗೆ ಬಡಿಯಿತು, ನೆಸ್ ಕೆಳಗೆ ಹೋದ. ಕರ್ಬಿ ಉಳಿದ ಜಿಗಿತಗಳಲ್ಲಿ ಒಂದೊಂದಾಗಿ ಮೇಲೆ ಬಂತು. "ಲೋ ಮಗಾ, ಇದನ್ನ ಯಾರು ಹೇಳ್ಕೊಟ್ಟಿದ್ದು?" ಅಂತ ಗೆಳೆಯ ಕಂಟ್ರೋಲರ್ ಕೆಳಗಿಟ್ಟ. ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಗೆ ಹೋಗಲು ಹೆದರದವನಿಗೆ ಅದು ತಾನಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಪೆಷಲ್ ಮುಗಿಸಿ ಸುಮ್ಮನೆ ಬೀಳುತ್ತಿರುವವನಿಗೆ ಸಣ್ಣ ಪೆಟ್ಟು ಕೊಡಬೇಡಿ. ಪೆಟ್ಟು ತಿಂದವನಿಗೆ ಆ ಸ್ಪೆಷಲ್ ಮತ್ತೆ ಸಿಗುತ್ತದೆ, ಅವನು ಎದ್ದು ಬರುತ್ತಾನೆ. ಹಾಗೆಯೇ ಅಂಚು ಹಿಡಿದವನಿಗೆ ಕ್ಷಣಕಾಲ ಪೆಟ್ಟು ತಾಗದ ರಕ್ಷಣೆ ಇರುತ್ತದೆ, ಆದರೆ ನೆಲ ಮುಟ್ಟದೆ, ಪೆಟ್ಟೂ ತಿನ್ನದೆ ಬಿಟ್ಟು ಬಿಟ್ಟು ಹಿಡಿದರೆ ಆ ರಕ್ಷಣೆ ಎರಡನೇ ಸಲ ಸಿಗುವುದಿಲ್ಲ. ಅಂಚಿನಿಂದ ಮೇಲೆ ಬರಲು ಎದ್ದು ನಿಲ್ಲುವುದು, ಉರುಳುವುದು, ಹೊಡೆದು ಏಳುವುದು, ಜಿಗಿಯುವುದು ಅಂತ ಹಲವು ದಾರಿಗಳಿವೆ. ಹೊಸಬರು ಸದಾ ಉರುಳುತ್ತಾರೆ. ಅದನ್ನು ಗಮನಿಸಿದವನು ಉರುಳಿ ಬರುವ ಜಾಗದಲ್ಲಿ ನಿಂತು ಕಾಯುತ್ತಾನೆ.

ಹೊಡೆತದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಶೀಲ್ಡ್ ಹೊಡೆತವನ್ನು ತಡೆಯುತ್ತದೆ, ಶೀಲ್ಡ್ ಹಿಡಿದವನನ್ನು ಕೈಹಾಕಿ ಎಳೆಯಬಹುದು, ಎಳೆಯಲು ಬರುವವನಿಗೆ ಮೊದಲೇ ಹೊಡೆಯಬಹುದು. ಒಂದೇ ಹೊಡೆತವನ್ನು ಮತ್ತೆ ಮತ್ತೆ ಬಳಸಿದರೆ ಅದರ ಬಲ ಕುಗ್ಗುತ್ತದೆ. ಬಟನ್ ಒಂದೇ ಸಮನೆ ಒತ್ತುವವರಿಗೆ ಇದನ್ನು ಹೇಳಿದರೆ ಸಾಕು, ಕೈ ತಾನೇ ನಿಧಾನವಾಗುತ್ತದೆ.

ಹೊಸಬರೂ ಹಳಬರೂ ಕೂಡಿ ಕೂತಾಗ ನಾವು ಸ್ಮ್ಯಾಶ್‌ಡೌನ್ ಹಾಕುತ್ತೇವೆ. ಒಂದು ಸಲ ಆಡಿದ ಪಾತ್ರವನ್ನು ಮತ್ತೆ ಯಾರೂ ತೆಗೆದುಕೊಳ್ಳುವಂತಿಲ್ಲ. ನೆಸ್ ಮುಗಿದ ಮೇಲೆ ಗೆಳೆಯನೂ ಗೊತ್ತಿಲ್ಲದ ಪಾತ್ರ ಹಿಡಿಯಬೇಕು, ಕೆಳಗಿನ ಮನೆಯ ಹುಡುಗಿಯರಿಗೆ ಅಲ್ಲಿ ನಿಜವಾದ ಅವಕಾಶ. ಕಂಟ್ರೋಲರ್ ಸಾಲದಿದ್ದರೆ ಸ್ವಿಚ್ ಜೊತೆ ಬರುವ ಜಾಯ್-ಕಾನ್ ಅನ್ನುವ ಪುಟ್ಟ ಕಂಟ್ರೋಲರ್ ಜೋಡಿಯನ್ನು ಬಿಡಿಸಿ ಅಡ್ಡ ಹಿಡಿದು ಇಬ್ಬರು ಆಡುತ್ತಾರೆ. ಕರೆಂಟ್ ಹೋದರೆ, ತನ್ನದೇ ಪರದೆಯೂ ಬ್ಯಾಟರಿಯೂ ಇರುವ ಸ್ವಿಚ್ ಯಂತ್ರವನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ ಮುಂದುವರಿಸುತ್ತೇವೆ. ಆಗ ದೊಡ್ಡ ಸ್ಟೇಜ್ ಬೇಡ. ಆಟಗಾರರು ಚದುರಿದಂತೆ ಕ್ಯಾಮೆರಾ ಹಿಂದೆ ಸರಿಯುತ್ತದೆ, ಪುಟ್ಟ ಪರದೆಯಲ್ಲಿ ಯಾರು ಎಲ್ಲಿ ಬೀಳುತ್ತಿದ್ದಾರೆ ಅಂತಲೇ ಕಾಣುವುದಿಲ್ಲ. ಬ್ಯಾಟಲ್‌ಫೀಲ್ಡ್‌ನಂಥ ಚಿಕ್ಕ ಸ್ಟೇಜ್ ಆರಿಸಿ, ಇಬ್ಬಿಬ್ಬರೇ ಆಡಿ.