ಗೊರಬು ಹಾಕಿಕೊಂಡು ಲಾಂಚ್‌ನಲ್ಲಿ ಮಳೆ ಫೋಟೊ: ನನ್ನ ಅನುಭವ

ಮಳೆಗಾಲದಲ್ಲಿ ಹಿನ್ನೀರು ದಾಟಿಸುವ ಲಾಂಚ್ ಮೇಲೆ ಕ್ಯಾಮೆರಾ ಹೊರಗೆ ತೆಗೀಬೇಡ ಮಾರಾಯ ಅಂತ ಹೇಳದ ಗೆಳೆಯರಿಲ್ಲ. ಮೂರು ಮಳೆಗಾಲ ಹಠ ಹಿಡಿದೆ. 2025ರ ಜೂನ್ ಕೊನೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ದಾಟುವ ದಿನ, ಬೇಕಾದ ಚಿತ್ರ ಸಿಕ್ಕಿತು. ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾಯ್ತು. ಸೇತುವೆ ಬಂದ ಮೇಲೆ ದಾಟಲು ಲಾಂಚ್ ಬೇಕಾಗಲ್ಲ, ಅಷ್ಟರೊಳಗೆ ಆಗಲೇಬೇಕಿತ್ತು, ಆಯ್ತು.

ಮೊದಲ ವರ್ಷ ಛತ್ರಿ ಹಿಡಿದಿದ್ದೆ. ನಡುನೀರಿನ ಗಾಳಿಗೆ ಛತ್ರಿ ಮಗುಚಿತು, ಲೆನ್ಸ್ ತೊಯ್ದು ತೊಪ್ಪೆ. ಮನೆಗೆ ಬಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಆ ಕೆಲಸ ಮಾತ್ರ ಮಾಡಬೇಡಿ. ಅಕ್ಕಿಯ ಹುಡಿ ಜೂಮ್ ರಿಂಗಿಗೆ ಸೇರಿ, ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಮೇಲಿಂದ ಫಂಗಸ್. ರಿಪೇರಿಗೆ ಮೂರೂವರೆ ನಾಲ್ಕು ಸಾವಿರ ಹೋಯ್ತು. ಮೂಲೆಯಲ್ಲೊಂದು ಕಲೆ ಈಗಲೂ ಇದೆ.

ಎರಡನೇ ವರ್ಷ ಸಾವಿರದ ಇನ್ನೂರು ಕೊಟ್ಟು ರೇನ್ ಕವರ್ ತರಿಸಿದೆ. ಮಳೆ ತಡೆಯಿತು, ಆದರೆ ಒಳಗೆಲ್ಲ ಬೆವರು. ಸಾಗರದಿಂದ ಎಸಿ ಕಾರಲ್ಲಿ ಬೇರೆ ಹೋಗಿದ್ದೆ. ತಣ್ಣಗಿದ್ದ ಗಾಜು ಹಸಿ ಗಾಳಿಗೆ ಬಂದದ್ದೇ ಬೆಳ್ಳಗಾಯ್ತು. ಒರೆಸಿ ಮುಗಿಸುವಷ್ಟರಲ್ಲಿ ಆಚೆ ದಡ. ಫಿಲ್ಟರಿಗೆ ಹಸಿ ಆಲೂಗಡ್ಡೆ ಉಜ್ಜಿಯೂ ನೋಡಿದ್ದೇನೆ, ಗಾಡಿ ಗಾಜಿಗೆ ಉಜ್ಜುತ್ತಾರಲ್ವಾ, ಹಾಗೆ. ನೀರೇನೋ ಜಾರಿತು. ಚಿತ್ರ ಮಾತ್ರ ಗಂಜಿ ಗಂಜಿ.

ಮೂರನೇ ಸಲ ಗೊರಬು ಹಿಡಿದೆ. ನಮ್ಮ ಕಡೆ ನಟ್ಟಿ ಮಾಡುವಾಗ ಮಳೆಗೆ ತಲೆ, ಬೆನ್ನು ಮುಚ್ಚುವ ಹಾಗೆ ಹಾಕಿಕೊಳ್ಳುವುದು. ನಾನೂರೋ ನಾನೂರೈವತ್ತೋ ಕೊಟ್ಟ ನೆನಪು. ಬಿದಿರು ಸೀಳು, ಎಲೆಯದ್ದೇ ಆಗಬೇಕು. ಪ್ಲಾಸ್ಟಿಕ್ ಹೊದಿಸಿದ್ದಾದರೆ ಒಳಗೆ ಸೆಕೆ, ಗಾಳಿಗೆ ಪಟಪಟ. ಸ್ವಲ್ಪ ಬಗ್ಗಿದರೆ ಹಣೆಯಿಂದ ಮುಂದಕ್ಕೆ ಒಂದು ಗೇಣು ಸೂರು ಸಿಗುತ್ತೆ, ಎರಡೂ ಕೈ ಖಾಲಿ. ಬಸ್ಸಿನಲ್ಲೇ ಹೋದೆ. ಚೀಲದ ಬಾಯಿ ತೆರೆದಿಟ್ಟಿದ್ದಕ್ಕೆ ಲೆನ್ಸ್ ಹೊರಗಿನ ಹವೆಗೆ ಮೊದಲೇ ಹೊಂದಿಕೊಂಡಿತ್ತು.

ಇನ್ನು ಗಾಳಿಯ ವಿಷಯ. ಇದಕ್ಕೇ ನನಗೆ ಎರಡು ವರ್ಷ ಹಿಡಿದದ್ದು. ಮಳೆ ಬರೋದು ಪಡುವಣದಿಂದ. ಕಳಸವಳ್ಳಿಗೆ ಹೋಗುವಾಗ ಲಾಂಚ್ ಗಾಳಿಗೆ ಎದುರಾಗಿರುತ್ತಿತ್ತು, ಆಗ ಹಿಂದಕ್ಕೆ ತಿರುಗಿ ತೆಗೆದೆ. ಬರುವಾಗ ಮುಂದಕ್ಕೆ. ಗೊರಬಿನ ಬೆನ್ನು ಯಾವಾಗಲೂ ಗಾಳಿಗೆ ಇರಲಿ. ಆ ಕಾಲು ಗಂಟೆಯಲ್ಲಿ ಲೆನ್ಸ್ ಮೇಲೆ ಬಿದ್ದದ್ದು ನಾಲ್ಕೈದು ಹನಿ. ಕಬ್ಬಿಣದ ಕಂಬಿಗೆ ಮೊಣಕೈ ಊರಬೇಡಿ, ಇಂಜಿನ್ ನಡುಕ ಪೂರ್ತಿ ಕೈಗೆ ಬರುತ್ತೆ. ಮೊಣಕಾಲು ಸಡಿಲ ಬಿಟ್ಟು ನಿಂತು ಶಟರ್ 1/60 ಸೆಕೆಂಡಿಗೆ ಇಟ್ಟೆ. ಹಿಂದೆ ಕಾಡಿನ ಕಪ್ಪು ಇದ್ದರೆ ಮಳೆ ಎಳೆ ಎಳೆಯಾಗಿ ಬರುತ್ತೆ. ಆಕಾಶ ಹಿಂದಿದ್ದರೆ ಮಳೆಯೇ ಕಾಣಲ್ಲ.

ಒರೆಸುವ ಬಟ್ಟೆ ಒದ್ದೆಯಾಗದ ಹಾಗೆ ಎಲ್ಲಿಡುತ್ತೇನೆ, ಲಾಂಚ್‌ನ ಯಾವ ಮೂಲೆಯಲ್ಲಿ ನಿಲ್ಲುತ್ತಿದ್ದೆ ಅನ್ನೋದನ್ನ ಹೇಳಲ್ಲ. ಅದು ನನ್ನ ಹತ್ತಿರವೇ ಇರಲಿ.

ಸಿಕ್ಕಿದ್ದು ಹೀಗಿದೆ: ಮಂಜಿನ ನಡುವೆ ಐದಾರು ಸತ್ತ ಮರದ ಬೊಡ್ಡೆ, ಒಂದರ ತುದಿಯಲ್ಲಿ ರೆಕ್ಕೆ ಮುದುಡಿ ಕೂತ ನೀರುಕಾಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು ಅದು. ನೀರು ಅಣೆಕಟ್ಟು ತುಂಬುವ ಮಟ್ಟ, ಅಂದರೆ 1819 ಅಡಿ, ಹತ್ತಿರ ಬಂದರೆ ಹೆಚ್ಚಿನ ಬೊಡ್ಡೆಗಳು ಕಾಣಲ್ಲ, ಅದಕ್ಕೇ ಮೊದಲ ಮಳೆಯಲ್ಲೇ ಹೋಗಬೇಕು. ಬೇಡ ಅಂದಿದ್ದ ಗೆಳೆಯನೇ ದೊಡ್ಡ ಪ್ರಿಂಟ್ ಕೇಳಿದ. ಇನ್ನೊಂದನ್ನು ಹೋಮ್‌ಸ್ಟೇಯವರು ಆರು ಸಾವಿರ ಕೊಟ್ಟು ಒಯ್ದರು.

ಗೊರಬು ಈಗ ಬಚ್ಚಲೊಲೆಯ ಮೇಲೆ ತೂಗುತ್ತಿದೆ. ಹೊಗೆ ತಾಗಿದರೆ ಹುಳ ಹಿಡಿಯಲ್ಲ.